ಎಲ್ಲ ಸ್ಲೈಡೂ ಗುಲಾಬಿ, ನೇರಳೆ: ಬಾಯಿ, ಮೂಗಿನ ಒಳಪೊರೆಯನ್ನು ಮೈಕ್ರೋಸ್ಕೋಪಿನಲ್ಲಿ ಗುರುತಿಸಲು ಸಮಗ್ರ ಮಾರ್ಗದರ್ಶಿ

ಕಳೆದ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಅಕ್ಕನ ಮಗಳು ಫೋನ್ ಮಾಡಿದಳು. ಬಿಡಿಎಸ್ ಮೊದಲ ವರ್ಷ, ವಾರ ಕಳೆದರೆ ಹಿಸ್ಟಾಲಜಿ, ಅಂದರೆ ಅಂಗಾಂಶವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಗುರುತಿಸುವ ವಿಷಯದ ಪ್ರಾಕ್ಟಿಕಲ್. "ಚಿಕ್ಕಮ್ಮ, ಎಲ್ಲ ಸ್ಲೈಡೂ ಗುಲಾಬಿ, ನೇರಳೆ. ಕೆನ್ನೆ ಯಾವುದು, ವಸಡು ಯಾವುದು ಒಂದೂ ಗೊತ್ತಾಗ್ತಿಲ್ಲ. ಗಾಜಿನ ಮೂಲೆಯಲ್ಲಿರೋ ಗುರುತು ನೋಡಿ ನೆನಪಿಟ್ಕೊಂಡಿದೀನಿ" ಅಂದಳು. ಗಾಜಿನ ಮೇಲೆ ಹಿಂದಿನ ವರ್ಷದವರು ಯಾರೋ ಮಾರ್ಕರ್‌ನಲ್ಲಿ ಇಟ್ಟ ಚುಕ್ಕೆಗಳವು. ಪರೀಕ್ಷೆಯ ದಿನ ಬೇರೆ ಡಬ್ಬಿಯ ಸ್ಲೈಡ್ ಇಟ್ಟರೆ ಮುಗಿಯಿತು.

ನಾನು ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಹಿಸ್ಟಾಲಜಿ ಪ್ರಾಕ್ಟಿಕಲ್ ಹೇಳಿಕೊಡುತ್ತಿದ್ದೇನೆ. ಪ್ರತಿ ಬ್ಯಾಚಿನಲ್ಲೂ ಇದೇ ಕಷ್ಟ. ಅವಳಿಗೆ ಭಾನುವಾರ ಮನೆಗೆ ಬಾ ಅಂದೆ. ಆ ದಿನ ಅವಳಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಿಡಿಎಸ್, ಎಂಬಿಬಿಎಸ್, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪಿಯುಸಿ ಮಕ್ಕಳು ಮೊದಲ ಎರಡು ಹೆಜ್ಜೆ ಮಾಡಿದರೂ ಸಾಕು.

ಇಡೀ ಕ್ರಮ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಸ್ಲೈಡ್ ಕಣ್ಣಿಗೆ ಬಿದ್ದ ತಕ್ಷಣ "ಇದರ ಹೆಸರೇನು" ಅಂತ ಕೇಳಬೇಡಿ. "ಈ ಜಾಗ ದಿನವಿಡೀ ಏನು ತಡೆದುಕೊಳ್ಳಬೇಕು?" ಅಂತ ಕೇಳಿ. ರೊಟ್ಟಿ ಉಜ್ಜುವ ಜಾಗವಾ, ಹಿಗ್ಗಿ ಕುಗ್ಗುವ ಜಾಗವಾ, ಧೂಳು ಹಿಡಿಯುವ ಜಾಗವಾ? ಉತ್ತರ ಸಿಕ್ಕರೆ ಹೆಸರು ತಾನಾಗೇ ಬರುತ್ತದೆ.

ಹೆಜ್ಜೆ 1: ನಾಲಿಗೆ ತುದಿಯಿಂದ ಬಾಯಿಯೊಳಗೆ ಒಂದು ಸುತ್ತು

ಮೈಕ್ರೋಸ್ಕೋಪ್ ಆಮೇಲೆ. ಬಾಯಿ ಮುಚ್ಚಿಕೊಂಡು ನಾಲಿಗೆ ತುದಿಯನ್ನು ಕೆನ್ನೆಯ ಒಳಗೆ ಆಡಿಸಿ. ಮೆತ್ತಗಿದೆ, ಜಾರುತ್ತದೆ, ಒತ್ತಿದರೆ ಹಿಗ್ಗುತ್ತದೆ. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರುವ ಮಟ್ಟದಲ್ಲಿ ಕೆಲವರಿಗೆ ಒಂದು ತೆಳು ಗೆರೆ ಸಿಗುತ್ತದೆ, ಕನ್ನಡಿಯಲ್ಲಿ ಬೆಳ್ಳಗೆ ಕಾಣುತ್ತದೆ. ಆ ಗೆರೆಯನ್ನು ನೆನಪಿಟ್ಟುಕೊಳ್ಳಿ.

ಈಗ ಮೇಲಿನ ಮುಂಹಲ್ಲಿನ ಹಿಂದಕ್ಕೆ ಹೋಗಿ. ಅಂಗುಳ ಗಟ್ಟಿ, ಸ್ವಲ್ಪ ಒರಟು, ಅಡ್ಡಡ್ಡ ಏಣುಗಳಿವೆ. ಒತ್ತಿದರೆ ಅಲ್ಲಾಡುವುದಿಲ್ಲ. ಇನ್ನೂ ಹಿಂದೆ ಸರಿದರೆ ಒಂದು ಕಡೆ ಗಟ್ಟಿ ಮುಗಿದು ಮೆತ್ತಗಾಗುತ್ತದೆ. ಅಲ್ಲಿಂದ ಕಿರುನಾಲಿಗೆಯವರೆಗೆ ಮೃದು ಅಂಗುಳ. ಕೊನೆಗೆ ಕನ್ನಡಿ ಮುಂದೆ ನಿಂತು ನಾಲಿಗೆ ಎತ್ತಿ ನೋಡಿ. ನಾಲಿಗೆ ಕೆಳಗೆ ನೀಲಿ ರಕ್ತನಾಳ ಎದ್ದು ಕಾಣುತ್ತದೆ, ಪೊರೆ ಅಷ್ಟು ತೆಳು. ಎದೆನೋವಿನ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಹೇಳುವುದು ಇದಕ್ಕೇ. ತೆಳು ಪೊರೆ ದಾಟಿ ಔಷಧಿ ಬೇಗ ರಕ್ತಕ್ಕೆ ಸೇರುತ್ತದೆ.

ಎರಡು ನಿಮಿಷದಲ್ಲಿ ನೀವು ಬಾಯಿಯ ಎರಡು ಬಗೆಯ ಒಳಪೊರೆ ಮುಟ್ಟಿ ನೋಡಿದಿರಿ. ಕೆನ್ನೆ, ತುಟಿಯ ಒಳಭಾಗ, ನಾಲಿಗೆಯ ಕೆಳಗು, ಮೃದು ಅಂಗುಳ, ಇವೆಲ್ಲ ಹಾಸುಪೊರೆ. ವಸಡು, ಗಟ್ಟಿ ಅಂಗುಳ ಇವು ಅಗಿತದ ಪೆಟ್ಟು ತಿನ್ನುವ ಪೊರೆ. ನಾಲಿಗೆಯ ಮೇಲ್ಮೈ ಮೂರನೆಯದು, ಅದರ ಕಥೆ ಬೇರೆ.

ಹೆಜ್ಜೆ 2: ನಿಮ್ಮದೇ ಕೆನ್ನೆಯ ಕೋಶ ನೋಡಿ

ಸಾಮಾನು ಜಾಸ್ತಿ ಬೇಡ. ಗಾಜಿನ ಸ್ಲೈಡ್, ಕವರ್ ಸ್ಲಿಪ್, ಹೊಸ ಇಯರ್‌ಬಡ್, ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ. ಮೆಥಿಲೀನ್ ಬ್ಲೂ ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಸಿಗುತ್ತದೆ. ಅದು ಗಾಢವಾಗಿರುತ್ತದೆ, ಒಂದು ಹನಿಗೆ ನಾಲ್ಕೈದು ಹನಿ ನೀರು ಸೇರಿಸಿ. ಬಟ್ಟೆಗೆ, ಅಡುಗೆಮನೆ ಕಲ್ಲಿಗೆ ಬಿದ್ದರೆ ಹೋಗುವುದಿಲ್ಲ, ಕೆಳಗೆ ಹಳೇ ಪೇಪರ್ ಹಾಸಿಕೊಳ್ಳಿ.

ನೀರಿನಲ್ಲಿ ಬಾಯಿ ಮುಕ್ಕಳಿಸಿ. ಊಟ ಆದ ತಕ್ಷಣ ಮಾಡಿದರೆ ಅನ್ನದ ಗಂಜಿ, ಕೊತ್ತಂಬರಿ ಸೊಪ್ಪಿನ ಚೂರು ಎಲ್ಲ ಸ್ಲೈಡಿಗೆ ಬರುತ್ತವೆ. ಇಯರ್‌ಬಡ್ಡನ್ನು ಕೆನ್ನೆಯ ಒಳಗೆ ಹತ್ತು ಸಲ ಮೆಲ್ಲಗೆ ತಿರುಗಿಸಿ, ಸ್ಲೈಡಿನ ನಡುವೆ ಉರುಳಿಸಿ. ಒರೆಸಬೇಡಿ, ಉರುಳಿಸಿ. ಒರೆಸಿದರೆ ಕೋಶಗಳು ಹರಿದು ದಾರದ ಹಾಗೆ ಎಳೆದುಕೊಳ್ಳುತ್ತವೆ. ಗಾಳಿಯಲ್ಲಿ ಒಂದು ನಿಮಿಷ ಒಣಗಲಿ. ಮೇಲೆ ಒಂದು ಹನಿ ಬಣ್ಣ, ಎರಡು ನಿಮಿಷ ಕಾಯುವುದು. ಆಮೇಲೆ ಕವರ್ ಸ್ಲಿಪ್ಪಿನ ಒಂದು ಅಂಚನ್ನು ಮೊದಲು ಸ್ಲೈಡಿಗೆ ತಾಗಿಸಿ, ಇನ್ನೊಂದು ಅಂಚನ್ನು ನಿಧಾನವಾಗಿ ಇಳಿಸಿ, ಇಲ್ಲದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಬಂದ ಬಣ್ಣವನ್ನು ಟಿಶ್ಯೂ ಪೇಪರಿನ ಅಂಚಿನಿಂದ ಹೀರಿ ತೆಗೆಯಿರಿ.

4ಎಕ್ಸ್ ಲೆನ್ಸಿನಿಂದ ಶುರು ಮಾಡಿ. ನೇರವಾಗಿ 40ಎಕ್ಸ್‌ಗೆ ಹೋಗುವವರೇ ಜಾಸ್ತಿ, ಕವರ್ ಸ್ಲಿಪ್ ಒಡೆಯುವುದೂ ಅವರದ್ದೇ. 4ರಲ್ಲಿ ನೀಲಿ ಚೂರು ಹುಡುಕಿ, 10ರಲ್ಲಿ ಒಂಟೊಂಟಿಯಾಗಿರುವ ಕೋಶ ಆರಿಸಿ, 40ಕ್ಕೆ ಹೋದ ಮೇಲೆ ಸಣ್ಣ ತಿರುಪು ಮಾತ್ರ ಮುಟ್ಟಿ. ಎಲ್ಲ ತೊಳೆದಂತೆ ಬೆಳ್ಳಗೆ ಕಂಡರೆ ಬೆಳಕು ಹೆಚ್ಚಾಗಿದೆ, ಬೆಳಕು ತಗ್ಗಿಸುವ ಡಯಾಫ್ರಮ್ ಸ್ವಲ್ಪ ಮುಚ್ಚಿ.

ಒಂದು ಕೋಶದ ಮೇಲೆ ಕಣ್ಣು ನಿಲ್ಲಿಸಿ. ದೊಡ್ಡ, ಚಪ್ಪಟೆ ಹಾಳೆ. ಅಂಚು ಅಂಕುಡೊಂಕು, ಒಂದು ಮೂಲೆ ಹಪ್ಪಳದ ಅಂಚಿನ ಹಾಗೆ ಮಡಚಿಕೊಂಡಿರುತ್ತದೆ. ನಡುವೆ ಗಾಢ ನೀಲಿ ಬೊಟ್ಟು, ಅದು ನ್ಯೂಕ್ಲಿಯಸ್. ಕೋಶದ ಅಗಲ ಸುಮಾರು 60 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). 10ಎಕ್ಸ್ ಐಪೀಸ್‌ನಲ್ಲಿ ಫೀಲ್ಡ್ ನಂಬರ್ 18 ಅಂತ ಬರೆದಿದ್ದರೆ, 40ಎಕ್ಸ್ ಲೆನ್ಸಿನಲ್ಲಿ ಕಾಣುವ ವೃತ್ತದ ಅಗಲ 18 ಭಾಗಿಸು 40, ಅಂದರೆ 0.45 ಮಿಲಿಮೀಟರ್, 450 ಮೈಕ್ರಾನ್. ಈ ಕೋಶಗಳನ್ನು ಸಾಲಾಗಿ ಇಟ್ಟರೆ ಏಳೆಂಟು ಹಿಡಿಸುತ್ತವೆ. ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಯಾವ ಸ್ಲೈಡಿನಲ್ಲಾದರೂ ಗಾತ್ರ ಅಂದಾಜು ಮಾಡಬಹುದು.

ಕೋಶದ ಮೇಲೆ ಸಾಸಿವೆಗಿಂತ ಸಣ್ಣ ನೀಲಿ ಚುಕ್ಕೆಗಳು ಅಂಟಿಕೊಂಡಿರುತ್ತವೆ. ಕೊಳೆಯಲ್ಲ, ಬ್ಯಾಕ್ಟೀರಿಯಾ. 1683ರಲ್ಲಿ, ತಾನೇ ಮೈಕ್ರೋಸ್ಕೋಪ್ ತಯಾರಿಸುತ್ತಿದ್ದ ಲೇವನ್‌ಹುಕ್ ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ಕೂತು ತನ್ನ ಹಲ್ಲಿನ ಸಂದಿಯಿಂದ ಕೆರೆದು ನೋಡಿ, ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದದ್ದು ಇವುಗಳ ಬಗ್ಗೆಯೇ. ನನ್ನ ಅಕ್ಕನ ಮಗಳು ಹತ್ತು ನಿಮಿಷ ಕಣ್ಣು ತೆಗೆಯಲಿಲ್ಲ.

ಮುಗಿದ ಮೇಲೆ ಇಯರ್‌ಬಡ್ ಮತ್ತೆ ಬಳಸಬೇಡಿ, ಸ್ಲೈಡನ್ನು ಬ್ಲೀಚ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯಿರಿ. ಇನ್ನೊಂದು ಮಾತು, ಮೂಗಿನ ಒಳಗೆ ಈ ಕೆಲಸ ಮನೆಯಲ್ಲಿ ಮಾಡಬೇಡಿ. ಕಾರಣ ಮೂಗಿನ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 3: ಗುಲಾಬಿ ಏನು, ನೇರಳೆ ಏನು

ಕೆನ್ನೆ ಸವರಿದಾಗ ಸಿಕ್ಕಿದ್ದು ಬಿಡಿ ಹೆಂಚುಗಳು. ಗೋಡೆ ಹೇಗಿದೆ ಅಂತ ತಿಳಿಯಲು ಅಂಗಾಂಶವನ್ನು ಕುಯ್ದು ಪಕ್ಕದಿಂದ ನೋಡಬೇಕು. ಕಾಲೇಜಿನ ಸ್ಲೈಡ್ ಅದೇ. ಚೂರನ್ನು ಫಾರ್ಮಲಿನ್‌ನಲ್ಲಿ ಇಟ್ಟು, ನೀರು ತೆಗೆದು, ಮೇಣದಲ್ಲಿ ಅಚ್ಚು ಹಾಕಿ, 4-5 ಮೈಕ್ರಾನ್ ದಪ್ಪಕ್ಕೆ ಕುಯ್ಯುತ್ತಾರೆ. ಆಮೇಲೆ ಎರಡು ಬಣ್ಣ. ಹಿಮಾಟಾಕ್ಸಿಲಿನ್ ನ್ಯೂಕ್ಲಿಯಸ್ಸನ್ನು ನೀಲಿ-ನೇರಳೆ ಮಾಡುತ್ತದೆ. ಇಯೋಸಿನ್ ಉಳಿದದ್ದನ್ನೆಲ್ಲ ಗುಲಾಬಿ ಮಾಡುತ್ತದೆ. ಅಂದರೆ ನೇರಳೆ ಜಾಸ್ತಿ ಕಂಡ ಕಡೆ ಕೋಶಗಳು ಒತ್ತಾಗಿವೆ, ಗುಲಾಬಿ ಜಾಸ್ತಿ ಇದ್ದ ಕಡೆ ನಾರು, ಸ್ನಾಯು ಅಥವಾ ಕೆರಟಿನ್ (ಉಗುರಿನಲ್ಲಿರುವ ಗಟ್ಟಿ ಪದಾರ್ಥ) ಇದೆ. ಬೆಳ್ಳಗೆ ಖಾಲಿ ಕಂಡರೆ ಕೊಬ್ಬು, ಲೋಳೆ ಅಥವಾ ನಿಜವಾಗಿಯೂ ಖಾಲಿ ಜಾಗ. ಮೇಣ ಹಾಕುವ ಮೊದಲು ಬಳಸುವ ದ್ರಾವಣದಲ್ಲಿ ಕೊಬ್ಬು ಕರಗಿ ಹೋಗುತ್ತದೆ. ಲೋಳೆ ಈ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಹೆಜ್ಜೆ 4: ಮೇಲಿನಿಂದ ಕೆಳಕ್ಕೆ ಇಳಿಯಿರಿ

ಮೊದಲು ಸ್ಲೈಡನ್ನು ಕೈಯಲ್ಲಿ ಎತ್ತಿ ಕಿಟಕಿ ಬೆಳಕಿಗೆ ಹಿಡಿಯಿರಿ. ಯಾವ ಅಂಚಿನಲ್ಲಿ ನೇರಳೆ ಪಟ್ಟಿ ಇದೆಯೋ ಅದು ಪೊರೆಯ ಮೇಲ್ಭಾಗ. ಎರಡು ಅಂಚಿನಲ್ಲೂ ಪಟ್ಟಿ ಇದ್ದರೆ ಖುಷಿಪಡಿ, ಆ ಸ್ಲೈಡ್ ತುಟಿ, ಮೃದು ಅಂಗುಳ ಅಥವಾ ಮೂಗಿನ ನಡುಗೋಡೆ ಆಗಿರುವ ಸಾಧ್ಯತೆ ಹೆಚ್ಚು.

ಆಮೇಲೆ 4ಎಕ್ಸ್‌ನಲ್ಲಿ ಇಟ್ಟು ಮೇಲಿನ ಅಂಚಿನಿಂದ ನಿಧಾನ ಇಳಿಯುತ್ತಾ ಹೋಗಿ. ಮೊದಲು ಕೋಶಗಳ ಹೊದಿಕೆ, ಅದೇ ಎಪಿಥೀಲಿಯಂ. ಅದರ ಕೆಳಗೆ ನಾರು, ರಕ್ತನಾಳ ಇರುವ ಲ್ಯಾಮಿನಾ ಪ್ರೋಪ್ರಿಯಾ. ಇನ್ನೂ ಕೆಳಗೆ ಗ್ರಂಥಿ, ಕೊಬ್ಬು ಇರುವ ಸಬ್‌ಮ್ಯೂಕೋಸಾ, ಎಲ್ಲ ಕಡೆ ಇರುವುದಿಲ್ಲ. ಕೊನೆಗೆ ನೆಲ: ಸ್ನಾಯುವೋ, ಮೂಳೆಯೋ, ಮೃದ್ವಸ್ಥಿಯೋ? ವಿದ್ಯಾರ್ಥಿಗಳು ಮೇಲಿನ ಪಟ್ಟಿಯನ್ನೇ ನೋಡುತ್ತಾ ಕೂರುತ್ತಾರೆ. ನನ್ನ ಅನುಭವದಲ್ಲಿ ಅರ್ಧ ಉತ್ತರ ನೆಲದಲ್ಲಿರುತ್ತದೆ.

ಹೆಜ್ಜೆ 5: ಬಾಯಿಯ ಸ್ಲೈಡುಗಳು

ಬಾಯಿಯಲ್ಲಿ ಎಲ್ಲಿ ಕುಯ್ದರೂ ಹೊದಿಕೆ ಹಲವು ಪದರದ್ದು, ಮೇಲಿನ ಕೋಶ ಚಪ್ಪಟೆ. ಕೆಳಗಿನ ಸಾಲಿನಲ್ಲಿ ಹೊಸ ಕೋಶ ಹುಟ್ಟುತ್ತದೆ, ಮೇಲಕ್ಕೆ ಸರಿಯುತ್ತಾ ಅಗಲವಾಗಿ, ಚಪ್ಪಟೆಯಾಗಿ, ಕೊನೆಗೆ ಉದುರುತ್ತದೆ. ಇಯರ್‌ಬಡ್ಡಿಗೆ ಸಿಕ್ಕಿದ್ದು ಉದುರಲು ತಯಾರಾಗಿದ್ದವು. ಹಾಗಾದರೆ ವ್ಯತ್ಯಾಸ ಎಲ್ಲಿ? ತೀರ ಮೇಲಿನ ಸಾಲಿನಲ್ಲಿ.

ಕೆನ್ನೆಯ ಸ್ಲೈಡಿನಲ್ಲಿ ಮೇಲಿನ ಸಾಲಿನವರೆಗೂ ನ್ಯೂಕ್ಲಿಯಸ್ ಕಾಣುತ್ತದೆ, ಗಟ್ಟಿ ಗುಲಾಬಿ ಹೊರಪದರ ಇಲ್ಲ. ಹೊದಿಕೆ ಮಾತ್ರ ದಪ್ಪ, ಸುಮಾರು ಅರ್ಧ ಮಿಲಿಮೀಟರ್. ಕೆಳಗೆ ಹಿಗ್ಗುವ ನಾರು, ಲಾಲಾರಸದ ಸಣ್ಣ ಗ್ರಂಥಿಗಳು, ಆಮೇಲೆ ಗೆರೆ ಗೆರೆ ಸ್ನಾಯು. ಹಿಗ್ಗಬೇಕಾದ ಜಾಗಕ್ಕೆ ಬೇಕಾದ್ದೆಲ್ಲ ಇದೆ ಅಲ್ವಾ? ಮೊದಲ ಹೆಜ್ಜೆಯಲ್ಲಿ ಸಿಕ್ಕ ಬಿಳಿ ಗೆರೆ ಇದೇ ಕೆನ್ನೆ ಹಲ್ಲಿನ ಉಜ್ಜಾಟಕ್ಕೆ ಸಿಕ್ಕಿ ಅಲ್ಲಿ ಮಾತ್ರ ಸ್ವಲ್ಪ ಕೆರಟಿನ್ ಕಟ್ಟಿಕೊಂಡದ್ದು. ಪೊರೆ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ ಅನ್ನುವುದಕ್ಕೆ ಪುರಾವೆ ನಿಮ್ಮ ಬಾಯಿಯಲ್ಲೇ ಇದೆ.

ಗಟ್ಟಿ ಅಂಗುಳದ ಸ್ಲೈಡಿನಲ್ಲಿ ಮೇಲೆ ದಟ್ಟ ಗುಲಾಬಿ ಪಟ್ಟಿ. ಅದರಲ್ಲಿ ನ್ಯೂಕ್ಲಿಯಸ್ ಇಲ್ಲ. ಅದು ಕೆರಟಿನ್, ಸತ್ತ ಕೋಶಗಳ ಚಪ್ಪಡಿ. ಅದರ ಕೆಳಗೆ ನೇರಳೆ ಹರಳು ತುಂಬಿದ ಒಂದೆರಡು ಸಾಲು ಕೋಶಗಳು. ದರ್ಶಿನಿಯಲ್ಲಿ ನಿಂತು ಬಿಸಿ ಕಾಫಿಯನ್ನು ಅವಸರದಲ್ಲಿ ಗುಟುಕರಿಸಿದರೆ ಅಂಗುಳದಲ್ಲಿ ಸಿಪ್ಪೆ ಏಳುತ್ತದಲ್ಲ, ಅದು ಈ ಮೇಲಿನ ಪದರಗಳೇ. ಕೆಳಗಿನ ಸಾಲು ಉಳಿದಿದ್ದರೆ ನಾಲ್ಕೈದು ದಿನದಲ್ಲಿ ಗುರುತೂ ಇಲ್ಲದೆ ವಾಸಿಯಾಗುತ್ತದೆ. ಇನ್ನೂ ಕೆಳಗೆ ಇಳಿಯಿರಿ. ನಡುಗೆರೆಯಲ್ಲಿ ಸಬ್‌ಮ್ಯೂಕೋಸಾನೇ ಇಲ್ಲ, ಪೊರೆ ನೇರವಾಗಿ ಮೂಳೆಗೆ ಬಿಗಿದಿದೆ. ಪಕ್ಕಕ್ಕೆ ಬಂದರೆ ಮುಂಭಾಗದಲ್ಲಿ ಕೊಬ್ಬು, ಹಿಂಭಾಗದಲ್ಲಿ ಗ್ರಂಥಿ. ಹಲ್ಲಿನ ಡಾಕ್ಟರ್ ಅಂಗುಳಕ್ಕೆ ಸೂಜಿ ಹಾಕಿದಾಗ ಅಷ್ಟು ನೋವಾಗುವುದು ಔಷಧಿ ಹಿಡಿಸಲು ಅಲ್ಲಿ ಸಡಿಲ ಜಾಗ ಇಲ್ಲದ್ದಕ್ಕೆ.

ವಸಡು ಇದರ ತಂಗಿ. ಆದರೆ ಹೆಚ್ಚಿನವರ ವಸಡಿನಲ್ಲಿ ಗುಲಾಬಿ ಪಟ್ಟಿಯೊಳಗೆ ಒಣಗಿ ಚಪ್ಪಟೆಯಾದ ನ್ಯೂಕ್ಲಿಯಸ್‌ಗಳು ಉಳಿದಿರುತ್ತವೆ. ಇದಕ್ಕೆ ಪ್ಯಾರಾಕೆರಟಿನ್ ಅನ್ನುತ್ತಾರೆ. ಹೊದಿಕೆಯ ಕೆಳ ಅಂಚು ಗರಗಸದ ಹಲ್ಲಿನ ಹಾಗೆ ಲ್ಯಾಮಿನಾ ಪ್ರೋಪ್ರಿಯಾದೊಳಗೆ ಇಳಿದಿರುತ್ತದೆ. ಬಡಗಿ ಎರಡು ಹಲಗೆ ಬಿಡದ ಹಾಗೆ ಹಲ್ಲು ಕೊಯ್ದು ಕೂಡಿಸುತ್ತಾನಲ್ಲ, ಅದೇ ಉಪಾಯ. ಉಜ್ಜಾಟ ಹೆಚ್ಚಿರುವ ಕಡೆ ಈ ಹಲ್ಲು ಉದ್ದ.

ಅಡಿಕೆ ಜಗಿಯುವವರ ಕೆನ್ನೆಯ ಸ್ಲೈಡ್ ಸಿಕ್ಕರೆ ದಯವಿಟ್ಟು ಬಿಡಬೇಡಿ, ಪೂರ್ತಿ ನೋಡಿ. ಅದರಲ್ಲಿ ಕಾಣಬಹುದಾದ ರೋಗಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರು. ದಪ್ಪ ಇರಬೇಕಾದ ಹೊದಿಕೆ ಸವೆದು ತೆಳುವಾಗಿದೆ. ಗರಗಸದ ಹಲ್ಲು ಮಾಯವಾಗಿ ಅಂಚು ಸಪಾಟಾಗಿದೆ. ಕೆಳಗೆ ಸಡಿಲ ನಾರು ಇರಬೇಕಾದಲ್ಲಿ ಒತ್ತಾದ, ಗಾಜಿನಂಥ ಗುಲಾಬಿ, ರಕ್ತನಾಳ ಕಡಿಮೆ. ಹಿಗ್ಗುವ ಜಾಗ ಹಿಗ್ಗುವುದನ್ನೇ ಬಿಟ್ಟಿದೆ. ಹೊರಗೆ ಆ ಮನುಷ್ಯನಿಗೆ ಬಾಯಿ ಎರಡು ಬೆರಳು ಅಗಲಕ್ಕೂ ತೆರೆಯುವುದಿಲ್ಲ, ಸಾರಿನ ಖಾರ ಉರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ, ತಂಬಾಕು ಸೇರದಿದ್ದರೂ, ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಊರಿನ ಬಸ್ ಸ್ಟಾಪುಗಳಲ್ಲಿ ಸ್ಯಾಚೆ ಹರಿಯುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಈ ಸ್ಲೈಡ್ ಕಣ್ಣ ಮುಂದೆ ಬರುತ್ತದೆ. ಬಾಯಿ ತೆರೆಯುವುದು ಕಡಿಮೆಯಾಗುತ್ತಿದೆ ಅನ್ನಿಸಿದವರು, ಎರಡು ವಾರ ಕಳೆದರೂ ಹುಣ್ಣು ಮಾಯದವರು, ಹಲ್ಲಿನ ಡಾಕ್ಟರಿಗೆ ತೋರಿಸಿ.

ನಾಲಿಗೆ ಸುಲಭ. ಮೇಲ್ಮೈಯಲ್ಲಿ ಜ್ವಾಲೆಯ ಹಾಗೆ ಚೂಪಾದ ಮುಳ್ಳುಗಳು ಕಂಡರೆ ಅವು ಫಿಲಿಫಾರ್ಮ್ ಪ್ಯಾಪಿಲ್ಲಾ. ಅತಿ ಹೆಚ್ಚು ಇರುವುದು ಇವೇ, ರುಚಿ ಮೊಗ್ಗು ಇವುಗಳಲ್ಲಿ ಇಲ್ಲ, ಕೆಲಸ ಉಜ್ಜುವುದು. ಅಣಬೆಯಂಥವು ಫಂಗಿಫಾರ್ಮ್. ಹಿಂಭಾಗದಲ್ಲಿ ಸುತ್ತ ಕಂದಕ ತೋಡಿದ ಕೋಟೆಯ ಹಾಗೆ 8ರಿಂದ 12 ದೊಡ್ಡವು, ಅವು ಸರ್ಕಮ್‌ವ್ಯಾಲೇಟ್. ಕಂದಕದ ಗೋಡೆಯಲ್ಲಿ ಈರುಳ್ಳಿಯಂಥ ತಿಳಿ ಬಣ್ಣದ ರುಚಿ ಮೊಗ್ಗುಗಳು, ತಳದಲ್ಲಿ ನೀರಿನಂಥ ರಸ ಸುರಿದು ಕಂದಕ ತೊಳೆಯುವ ಗ್ರಂಥಿ. ಕೆಳಗೆ ಸ್ನಾಯುವಿನ ಎಳೆಗಳು ಮೂರು ದಿಕ್ಕಿಗೂ ಹೆಣೆದುಕೊಂಡಿದ್ದರೆ ಕಣ್ಣು ಮುಚ್ಚಿ ನಾಲಿಗೆ ಅಂತ ಬರೆಯಿರಿ.

ಹೆಜ್ಜೆ 6: ಮೂಗಿನ ಸ್ಲೈಡುಗಳು

ಮೂಗಿನ ಬಾಗಿಲಲ್ಲಿ ಚರ್ಮ, ಕೂದಲು, ಬೆವರಿನ ಗ್ರಂಥಿ. ಅಲ್ಲಿ ನಿಲ್ಲಬೇಡಿ, ಒಳಗೆ ಹೋಗಿ.

ಒಳಗೆ ಹೋದಂತೆ ಚಪ್ಪಟೆ ಕೋಶಗಳು ಹೋಗಿ ಎತ್ತರದ ಕಂಬದಂಥ ಕೋಶಗಳು ಬರುತ್ತವೆ. ನ್ಯೂಕ್ಲಿಯಸ್‌ಗಳು ಮೇಲೆ ಕೆಳಗೆ ಇರುವುದರಿಂದ ಹಲವು ಪದರ ಇದೆ ಅನ್ನಿಸುತ್ತದೆ. ನಿಜಕ್ಕೂ ಒಂದೇ ಪದರ. ಎಲ್ಲ ಕೋಶವೂ ತಳಕ್ಕೆ ಕಾಲೂರಿದೆ, ಕೆಲವು ಮಾತ್ರ ಮೇಲಿನವರೆಗೆ ಮುಟ್ಟುತ್ತವೆ. ತಳದಲ್ಲಿ ಕುಳ್ಳ ಕೋಶಗಳಿವೆ, ಅವು ಹೊಸದನ್ನು ಹುಟ್ಟಿಸುವವು. ನಡುನಡುವೆ ಬೆಳ್ಳಗೆ ಉಬ್ಬಿದ ಲೋಟದಂಥವು ಗಾಬ್ಲೆಟ್ ಕೋಶ, ಒಳಗೆ ಸಿಂಬಳದ ಲೋಳೆ.

40ಎಕ್ಸ್‌ನಲ್ಲಿ ಮೇಲಂಚು ನೋಡಿ. ಕಂಬಳಿಯ ಜುಂಗಿನ ಹಾಗೆ ಸಣ್ಣ ಕೂದಲ ಸಾಲು. ಸಿಲಿಯಾ. ಒಂದು ಕೋಶದ ಮೇಲೆ ಸುಮಾರು 200, ಉದ್ದ 5-7 ಮೈಕ್ರಾನ್. ಜೀವಂತ ಇದ್ದಾಗ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತವೆ, ಎಲ್ಲ ಒಂದೇ ದಿಕ್ಕಿಗೆ, ಗಾಳಿಗೆ ರಾಗಿ ಹೊಲ ಬಾಗಿದ ಹಾಗೆ. ಲೋಳೆಯ ಹಾಸು ನಿಮಿಷಕ್ಕೆ ಸುಮಾರು 6 ಮಿಲಿಮೀಟರ್ ವೇಗದಲ್ಲಿ ಗಂಟಲ ಕಡೆ ಸರಿಯುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅರ್ಧ ಗಂಟೆ ನಿಂತು ಉಸಿರೆಳೆದುಕೊಂಡ ಧೂಳಿನಲ್ಲಿ ಒಂದಷ್ಟು ಈ ಹಾಸಿಗೆ ಅಂಟಿ, ನಿಮಗೆ ಗೊತ್ತೇ ಆಗದ ಹಾಗೆ ಗಂಟಲಿಗೆ ಬಂದು ಹೊಟ್ಟೆಗೆ ಹೋಗುತ್ತದೆ. ಸಿಲಿಯಾ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಡಾಕ್ಟರು ಮೂಗಿನೊಳಗೆ ಸ್ಯಾಕರಿನ್‌ನ ಒಂದು ಹರಳು ಇಟ್ಟು, ಬಾಯಿಗೆ ಸಿಹಿ ಯಾವಾಗ ಬಂತು ಅಂತ ಗಡಿಯಾರ ನೋಡುತ್ತಾರೆ. ಸಾಮಾನ್ಯವಾಗಿ ಇಪ್ಪತ್ತು ನಿಮಿಷದೊಳಗೆ ಬರುತ್ತದೆ.

ಈಗ ಕೆಳಗೆ ಇಳಿಯಿರಿ. ಕೆಳಗಿನ ಟರ್ಬಿನೇಟ್ (ಮೂಗಿನ ಪಕ್ಕದ ಗೋಡೆಯಿಂದ ಒಳಕ್ಕೆ ಚಾಚಿದ ಮಡಿಕೆ) ಸ್ಲೈಡಿನಲ್ಲಿ ಅಗಲ ಅಗಲವಾದ ರಕ್ತದ ತೊಟ್ಟಿಗಳು. ಇವು ತುಂಬಿದರೆ ಪೊರೆ ಉಬ್ಬುತ್ತದೆ, ಖಾಲಿಯಾದರೆ ಇಳಿಯುತ್ತದೆ. ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ ಮಾಡುವುದು ಇವೇ. ಚಳಿಗಾಲದ ಬೆಳಿಗ್ಗೆ ಒಂದು ಹೊಳ್ಳೆ ಕಟ್ಟಿ, ಸ್ವಲ್ಪ ಹೊತ್ತಾದ ಮೇಲೆ ಅದು ಬಿಟ್ಟು ಇನ್ನೊಂದು ಕಟ್ಟುವುದು ಈ ತೊಟ್ಟಿಗಳ ಸರದಿ. ನಡುಗೋಡೆಯ ಮುಂಭಾಗದಲ್ಲಿ ಹಲವು ರಕ್ತನಾಳಗಳು ಬಂದು ಸೇರುವ ಒಂದು ಜಾಗವಿದೆ, ಲಿಟಲ್ಸ್ ಏರಿಯಾ. ಮೂಗಿನಿಂದ ರಕ್ತ ಸೋರುವುದು ಹೆಚ್ಚಾಗಿ ಅಲ್ಲಿಂದ. ಮನೆಯಲ್ಲಿ ಮೂಗು ಕೆರೆಯಬೇಡಿ ಅಂದದ್ದು ಇದಕ್ಕೇ.

ಇಲ್ಲೊಂದು ಗೊಂದಲ ಪ್ರತಿ ವರ್ಷ ಬರುತ್ತದೆ. ಶ್ವಾಸನಾಳದ ಸ್ಲೈಡಿನಲ್ಲೂ ಇದೇ ಹೊದಿಕೆ, ಇದೇ ಮೃದ್ವಸ್ಥಿ. ಹೇಗೆ ಬಿಡಿಸುವುದು? ನೆಲ ನೋಡಿ. ಮೃದ್ವಸ್ಥಿಯ ಎರಡೂ ಕಡೆ ಸಿಲಿಯಾ ಇರುವ ಪೊರೆ ಇದ್ದರೆ ಮೂಗಿನ ನಡುಗೋಡೆ. ಒಂದೇ ಕಡೆ ಇದ್ದು, ರಕ್ತದ ತೊಟ್ಟಿ ಇಲ್ಲದಿದ್ದರೆ ಶ್ವಾಸನಾಳ.

ಮೂಗಿನ ಸೂರಿನ ಸ್ಲೈಡ್ ಅಪರೂಪ. ವಾಸನೆಯ ಪೊರೆ ಇರುವುದು ಅಲ್ಲಿ ಮತ್ತು ಅದಕ್ಕೆ ತಾಗಿದ ಗೋಡೆಯ ಮೇಲ್ಭಾಗದಲ್ಲಿ ಮಾತ್ರ. ಹೊದಿಕೆ ಪಕ್ಕದ್ದಕ್ಕಿಂತ ದಪ್ಪ, ಗಾಬ್ಲೆಟ್ ಕೋಶ ಇಲ್ಲ. ನ್ಯೂಕ್ಲಿಯಸ್‌ಗಳನ್ನು ಮೂರು ಗುಂಪು ಮಾಡಿ ನೋಡಿ. ಮೇಲೆ ಒಂದು ಸಾಲು ಉದ್ದುದ್ದ, ಅವು ಆಸರೆ ಕೋಶಗಳದ್ದು. ನಡುವೆ ಹಲವು ಸಾಲು ದುಂಡಗೆ, ಅವು ವಾಸನೆ ಹಿಡಿಯುವ ನರಕೋಶಗಳದ್ದು. ತಳದಲ್ಲಿ ಒಂದು ಸಾಲು ಬುಡದ ಕೋಶಗಳದ್ದು. ಕೆಳಗಿನ ಲ್ಯಾಮಿನಾ ಪ್ರೋಪ್ರಿಯಾದಲ್ಲಿ ತಿಳಿ ಬಣ್ಣದ ನರದ ಕಟ್ಟುಗಳು, ನೀರಿನಂಥ ರಸ ಸುರಿಸುವ ಬೋಮನ್ ಗ್ರಂಥಿಗಳು. ನರದ ಕಟ್ಟು ಕಂಡರೆ ಅನುಮಾನ ಬೇಡ. ಹೊರಜಗತ್ತಿಗೆ ನೇರವಾಗಿ ಮೈಯೊಡ್ಡಿ ಕೂತ ನರಕೋಶ ಇದು. ಸತ್ತರೆ ಬುಡದ ಕೋಶಗಳಿಂದ ಮತ್ತೆ ಹುಟ್ಟುತ್ತದೆ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಈ ಕೋಶಗಳ ವಾಸನೆ ಗ್ರಾಹಕಗಳನ್ನು ಕಂಡುಹಿಡಿದದ್ದಕ್ಕೆ 2004ರಲ್ಲಿ ನೊಬೆಲ್ ಬಂತು. ಕೋವಿಡ್ ಬಂದಾಗ ಎಷ್ಟೋ ಜನರಿಗೆ ಒಗ್ಗರಣೆ ವಾಸನೆ ಕೂಡ ಬರಲಿಲ್ಲ ಅಲ್ವಾ? ವೈರಸ್ ಒಳಹೊಗುವ ಬಾಗಿಲು ಇದ್ದದ್ದು ಮುಖ್ಯವಾಗಿ ಮೇಲಿನ ಸಾಲಿನ ಆಸರೆ ಕೋಶಗಳಲ್ಲಿ, ನರಕೋಶಗಳಲ್ಲಿ ಅಲ್ಲ.

ಹೆಜ್ಜೆ 7: ಮೋಸ ಹೋಗುವ ಜಾಗಗಳು

ಓರೆಯಾಗಿ ಕುಯ್ದಿದ್ದರೆ ಒಂದು ಪದರದ ಹೊದಿಕೆಯೂ ಹತ್ತು ಪದರ ಇದ್ದ ಹಾಗೆ ಕಾಣುತ್ತದೆ. ಸ್ಲೈಡ್ ಸರಿಸಿ, ನೇರವಾಗಿ ಕುಯ್ದ ಜಾಗ ಹುಡುಕಿ. ಹೊದಿಕೆಯ ನಡುವೆ ಗುಲಾಬಿ ದ್ವೀಪಗಳು ಕಂಡರೆ ರೋಗವಲ್ಲ, ಕೆಳಗಿನಿಂದ ಎದ್ದ ಲ್ಯಾಮಿನಾ ಪ್ರೋಪ್ರಿಯಾದ ತುದಿ ಅಡ್ಡ ಕುಯ್ದು ಹೋಗಿದೆ ಅಷ್ಟೇ. ಮೂಗಿನ ಸ್ಲೈಡಿನಲ್ಲಿ ಚಪ್ಪಟೆ ಕೋಶದ ತೇಪೆ ಕಂಡರೆ ತಪ್ಪು ಸ್ಲೈಡ್ ಅನ್ನಬೇಡಿ. ವರ್ಷಗಟ್ಟಲೆ ಹೊಗೆ ಕುಡಿದ ಪೊರೆ ಸಿಲಿಯಾ ಬಿಟ್ಟು ಚಪ್ಪಟೆಯಾಗಿರಬಹುದು.

ಹೆಜ್ಜೆ 8: ಬರೆಯಿರಿ

ರೆಕಾರ್ಡ್ ಬುಕ್ಕಿಗೆ ಪುಸ್ತಕದ ಚಿತ್ರ ನಕಲು ಮಾಡಬೇಡಿ. ಗುಲಾಬಿ, ನೇರಳೆ ಎರಡೇ ಪೆನ್ಸಿಲ್ ಹಿಡಿದು, ಎಡಗಣ್ಣು ಐಪೀಸಿನಲ್ಲಿ, ಬಲಗಣ್ಣು ಹಾಳೆ ಮೇಲೆ ಇಟ್ಟು, ಕಂಡದ್ದನ್ನೇ ಬರೆಯಿರಿ. ಮೊದಲು ಪದರಗಳ ಗಡಿ, ಆಮೇಲೆ ನ್ಯೂಕ್ಲಿಯಸ್, ಕೊನೆಗೆ ಹೆಸರು.

ಹೆಜ್ಜೆ 9: ಪರೀಕ್ಷೆಗೆ ಮೃದು ಅಂಗುಳ

ಆ ಭಾನುವಾರ ಸಂಜೆ ಗಾಜಿನ ಗುರುತು ಅಳಿಸಿದ ಒಂದು ಸ್ಲೈಡ್ ಅವಳ ಕೈಗೆ ಕೊಟ್ಟೆ. ಕಿಟಕಿಗೆ ಹಿಡಿದಳು. "ಎರಡು ಅಂಚಲ್ಲೂ ಪಟ್ಟಿ ಇದೆ." 4ಎಕ್ಸ್‌ನಲ್ಲಿ ಇಟ್ಟು ಒಂದು ಅಂಚಿನಿಂದ ಇಳಿದಳು. "ಚಪ್ಪಟೆ ಕೋಶ, ಮೇಲಿನವರೆಗೂ ನ್ಯೂಕ್ಲಿಯಸ್, ಕೆರಟಿನ್ ಇಲ್ಲ. ಬಾಯಿ." ಕೆಳಗೆ ತಿಳಿ ಬಣ್ಣದ ಲೋಳೆ ಗ್ರಂಥಿಗಳ ದಪ್ಪ ಹಾಸು. ನಡುವೆ ಗೆರೆ ಸ್ನಾಯು. ಮೂಳೆ ಇಲ್ಲ. ಇನ್ನೊಂದು ಅಂಚಿಗೆ ಬಂದು 40ಎಕ್ಸ್ ತಿರುಗಿಸಿ ಸುಮ್ಮನಾದಳು.

"ಏನು ಕಾಣ್ತಿದೆಯೇ?"

"ಸಿಲಿಯಾ ಚಿಕ್ಕಮ್ಮ. ಈ ಕಡೆ ಮೂಗು."